ಸುಗಂಧಿ ಬಡಿಸಲು ಬಂದ ಶುಕ್ರವಾರ

ಸುಗಂಧಿ ಊರಿಗೆ ಹೊರಟಿದ್ದಾಳೆ, ಇನ್ನು ತಿರುಗಿ ಬರುವುದಿಲ್ಲ ಎಂದು ನನಗೆ ಗೊತ್ತಾದದ್ದು ರಂಜಾನಿನ ಎರಡನೆಯ ಶುಕ್ರವಾರ. ನಮ್ಮ ಅಡಿಗೆಕೋಣೆಯ ಸ್ಟೂಲಿನ ಮೇಲೆ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ನಾನು ಬೀನ್ಸ್ ಹೆಚ್ಚುತ್ತಿದ್ದೆ. ಯಾರದೋ ಮನೆಯ ಸುದ್ದಿ ಹೇಳುವವಳಂತೆ ಹೇಳಿದಳು.

"ಖಲಾಸ್ ಬಾಯಮ್ಮ. ಹಬ್ಬ ಕಳೆದು ಮಂಗಳವಾರ ನನ್ನ ಟಿಕೆಟು."

"ಯಾರು ಹೇಳಿದ್ದು?"

"ಮೇಡಮ್ಮೇ ಹೇಳಿದ್ದು. ಅವರ ಮನೆಯ ಅಜ್ಜಿ ತೀರಿಹೋದ್ರು. ಮಕ್ಕಳಿಬ್ಬರೂ ಓದ್ಲಿಕ್ಕೆ ಹೊರಗೆ ಹೋದ್ರು. ಇನ್ನು ನನ್ನನ್ನು ಇಟ್ಕೊಂಡು ಅವರು ಎಂತ ಮಾಡುದು? ಶೋಕೇಸಲ್ಲಿ ಇಡುದಾ?" ಎಂದು ನಕ್ಕಳು. "ನನಗೂ ಸಾಕಾಯ್ತು. ನವ್ಯಶ್ರೀಗೆ ಏಳು ತಿಂಗಳು. ಬಾಣಂತನಕ್ಕೆ ಸರಿಯಾಗಿ ಹೋಗಿ ಮುಟ್ತೇನೆ."

ನವ್ಯಶ್ರೀ ಅವಳ ಮಗಳು. ಕಾರ್ಕಳದ ಹತ್ತಿರ ಬೆಳ್ಮಣ್ಣಿನಲ್ಲಿ ಅಜ್ಜಿಯ ಕೈಯಲ್ಲಿ ಬೆಳೆದವಳು. ಅವಳು ಶಾಲೆಗೆ ಹೋಗುತ್ತಿದ್ದಾಗ ಸುಗಂಧಿ ಇಲ್ಲಿಗೆ, ಕುವೈತಿಗೆ ಬಂದದ್ದು. ನಾವಿರುವ ಸಲ್ವಾದಲ್ಲೇ, ನಮ್ಮ ಕಟ್ಟಡದಿಂದ ಎರಡು ಬೀದಿ ಹಿಂದೆ, ಒಂದು ಕುವೈತಿ ಮನೆಯಲ್ಲಿ ಅಡಿಗೆ ಮಾಡಿಕೊಂಡು, ಮಕ್ಕಳನ್ನೂ ಮುದುಕಿಯನ್ನೂ ನೋಡಿಕೊಂಡಿದ್ದಳು. ಶುಕ್ರವಾರ ಮಧ್ಯಾಹ್ನದ ಮೇಲೆ ಅವಳಿಗೆ ರಜೆ. ಆ ಅರ್ಧ ದಿನ ಅವಳು ನಮ್ಮ ಮನೆಗೆ ಬರುತ್ತಿದ್ದಳು. ನಮ್ಮ ಊರ ಕಡೆಯವರು ಕ್ರೈಸ್ತ ಹೆಂಗಸರನ್ನು ಕರೆಯುವಂತೆ ನನ್ನನ್ನು ಬಾಯಮ್ಮ ಎನ್ನುತ್ತಿದ್ದಳು. ನಾವಿಬ್ಬರೂ ತುಳು ಮಾತಾಡುತ್ತಿದ್ದೆವು.

ಅವಳ ಪರಿಚಯವಾದದ್ದು ಮೊಯ್ದೀನ್ ಕುಂಞಿಯ ಅಂಗಡಿಯಲ್ಲಿ. ನಮ್ಮ ಕಟ್ಟಡದ ಕೆಳಗಿನ ಸಣ್ಣ ಬಕಾಲ ಅದು. ನಾನು ಅಕ್ಕಿಯ ಚೀಲ ಎತ್ತಲಾಗದೆ ನಿಂತಿದ್ದೆ. ಯಾರೋ ಹಿಂದಿನಿಂದ ಬಂದು, ಕೇಳದೆ ಹೇಳದೆ, ಚೀಲದ ಒಂದು ತುದಿ ಹಿಡಿದರು. ತಿರುಗಿ ನೋಡಿದರೆ ತಲೆಗೆ ಬಟ್ಟೆ ಕಟ್ಟಿದ ಗಿಡ್ಡ ಹೆಂಗಸು. "ಬಿಡಮ್ಮ, ನಾನು ತಗೊಂಡು ಹೋಗ್ತೇನೆ" ಎಂದೆ. ಅವಳ ಕೈಯಿಂದ ಚೀಲ ಬಿಡಿಸಿ, ಹೊತ್ತುಕೊಂಡು ಹೋಗಲು ಮೊಯ್ದೀನ್ ಕುಂಞಿಗೇ ಹೇಳಿ, ಅವಳನ್ನು ಚಹಾಕ್ಕೆ ಕರೆದೆ. ಹಾಗೆ ಶುರುವಾಯಿತು. ಆಗ ಅದು ಒಳ್ಳೆಯ ಶುರು ಎಂದು ನನಗೆ ಅನ್ನಿಸಿತ್ತು.

ನಾನು ಇಲ್ಲಿಯ ಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಕಲಿಸಿದವಳು. ಶುಕ್ರವಾರ ಬೆಳಿಗ್ಗೆ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶದ ಪಾಠ ಹೇಳುತ್ತೇನೆ, ಈಗಲೂ. ದೇವರ ಪ್ರೀತಿ, ನೆರೆಯವರ ಪ್ರೀತಿ, ತನ್ನನ್ನು ತಾನು ಕೊಟ್ಟುಕೊಳ್ಳುವುದು, ಇವೆಲ್ಲ ನನ್ನ ಪಾಠಗಳು. ಸುಗಂಧಿ ಸಿಕ್ಕಿದಾಗ ದೇವರು ನನ್ನ ಬಾಗಿಲಿಗೆ ಒಬ್ಬಳನ್ನು ಕಳಿಸಿದ್ದಾನೆ ಎಂದೇ ತಿಳಿದೆ. ವಾರದ ಆರೂವರೆ ದಿನ ಇನ್ನೊಬ್ಬರ ಮನೆಯಲ್ಲಿ ದುಡಿಯುವವಳು ನಮ್ಮಲ್ಲಾದರೂ ಕೂತು ಉಣ್ಣಲಿ. ಹಾಗಾಗಿ ನಮ್ಮ ಮನೆಯಲ್ಲಿ ಅವಳಿಗೆ ಒಂದು ಲೋಟ ತೊಳೆಯಲೂ ಬಿಡುತ್ತಿರಲಿಲ್ಲ. ಅವಳ ಇಕಾಮಾದ, ಅಂದರೆ ಇಲ್ಲಿರುವ ಪರವಾನಗಿಯ, ಕಾಗದ ಓದಿ ಹೇಳುತ್ತಿದ್ದೆ, ಮಗಳ ಕಾಲೇಜಿನ ಅರ್ಜಿ ತುಂಬುತ್ತಿದ್ದೆ, ಹೊರಡುವಾಗ ಕೈಯಲ್ಲಿ ಏನಾದರೂ ಕಟ್ಟಿ ಕೊಡುತ್ತಿದ್ದೆ. ಊರಿಂದ ಬರುವಾಗ ಅವಳು ಒಂದು ಡಬ್ಬಿ ಹಲಸಿನ ಹಪ್ಪಳ ತಂದರೆ ಅದೇ ಸಂಜೆ ಆ ಡಬ್ಬಿಯ ತುಂಬ ಗೋಡಂಬಿ, ಮೇಲೊಂದು ಸೀರೆ ಇಟ್ಟು ಕಳಿಸಿದ್ದೆ. "ನಿಮ್ಮ ಹತ್ರ ಒಂದ್ಸಲವೂ ಗೆಲ್ಲಿಕ್ಕೆ ಆಗುದಿಲ್ಲ ಬಾಯಮ್ಮ" ಎಂದು ಅವಳು ಹೇಳಿದ್ದು ನನಗೆ ಹೊಗಳಿಕೆಯಂತೆ ಕೇಳಿಸಿತ್ತು.

ಆರು ವರ್ಷದ ಹಿಂದೆ ನನ್ನ ಯಜಮಾನರು ಬೊನವೆಂಚರ್ ತೀರಿಕೊಂಡರು. ಸುಗಂಧಿ ಮೇಡಮ್ಮನ ಕಾಲು ಹಿಡಿದು ಒಂದು ರಾತ್ರಿಯ ರಜೆ ಕೇಳಿಕೊಂಡು ಬಂದಿದ್ದಳು. "ನಿಮ್ಮೊಟ್ಟಿಗೆ ಮಲಗ್ತೇನೆ" ಎಂದಳು. ನಾನು ಅವಳಿಗೆ ಊಟ ಬಡಿಸಿ, ಮಗ ರುಡಾಲ್ಫನ ಕಾರಿನಲ್ಲಿ ವಾಪಸು ಕಳಿಸಿದೆ. "ನನಗೇನಿಲ್ಲ, ನೀನು ನಿದ್ದೆ ಕೆಡಬೇಡ" ಎಂದಿದ್ದೆ. ಅವಳಿಗೆ ತೊಂದರೆಯಾಗಬಾರದು ಎಂಬ ಒಂದೇ ಯೋಚನೆ ನನ್ನದು ಎಂದು ಆಗ ನಂಬಿದ್ದೆ.

ಇರಲಿ. ಆ ಶುಕ್ರವಾರ ಬೀನ್ಸ್ ಹೆಚ್ಚುತ್ತಿದ್ದ ನನ್ನ ಚೂರಿಯನ್ನೇ ನೋಡುತ್ತ ಸುಗಂಧಿ ಹೇಳಿದಳು: "ಒಂದು ಮಾತು ನಡೆಸಿಕೊಡ್ಬೇಕು. ರಂಜಾನಿನ ಕಡೇ ಶುಕ್ರವಾರ ನೀವು ಒಲೆ ಹಚ್ಚಬಾರ್ದು. ನಾನು ಅಡಿಗೆ ಮಾಡಿ ತರ್ತೇನೆ. ನೀವು ಕೂತ್ಕೊಳ್ಳಿ, ನಾನು ಬಡಿಸ್ತೇನೆ. ಆಮೇಲೆ ಇಬ್ರೂ ಉಣ್ಣುವ."

"ಯಾಕೆ ಮಾರಾಯ್ತಿ ಸುಮ್ಮನೆ ತೊಂದ್ರೆ? ರಂಜಾನಿನಲ್ಲಿ ನಿನಗೆ ಉಸಿರಾಡ್ಲಿಕ್ಕೆ ಪುರುಸೊತ್ತಿಲ್ಲ."

"ಹನ್ನೊಂದು ವರ್ಷ ಆಯ್ತು ಬಾಯಮ್ಮ. ಈ ಮನೆಯಲ್ಲಿ ನಾನು ನೆಂಟಳೇ ಆಗಿಹೋದೆ. ಒಂದ್ಸಲ ನೀವು ನೆಂಟರಾಗಿ, ನಾನು ನೋಡ್ತೇನೆ ಹೇಗೆ ಕಾಣ್ತೀರಿ ಅಂತ. ಹೂಂ ಹೇಳಿ."

"ನೋಡುವ."

"ನೋಡುವ ಅಲ್ಲ. ಒಂದೇ ಒಂದು ಹೂಂ."

"ಆಯ್ತು, ಹೂಂ."

ಅವಳು ಸ್ಟೂಲಿನಿಂದ ಇಳಿದು, ಚಿಕ್ಕ ಹುಡುಗಿಯಂತೆ ಎರಡು ಕೈಯಲ್ಲಿ ನನ್ನ ಮುಖ ಹಿಡಿದು ಬಿಟ್ಟಳು. ಅವಳಿಗೆ ಅದು ಎಷ್ಟು ಬೇಕಾಗಿತ್ತು ಎಂದು ನನಗೆ ಆಗಲೇ ತಿಳಿಯಬೇಕಿತ್ತು.

ಕಡೆಯ ಶುಕ್ರವಾರ ಎರಡು ಗಂಟೆಗೆ ಬೆಲ್ಲಾಯಿತು. ಸೊಸೆ ಆಲಿವ್‌ಗೆ ಆಸ್ಪತ್ರೆಯಲ್ಲಿ ಡ್ಯೂಟಿ. ರುಡಾಲ್ಫ್ ಮೊಮ್ಮಗ ರಿಯಾನನನ್ನು ಫುಟ್‌ಬಾಲ್ ಆಟಕ್ಕೆ ಕರೆದುಕೊಂಡು ಹೋಗಿದ್ದ. ಮನೆಯಲ್ಲಿ ನಾನೊಬ್ಬಳೇ. ಸುಗಂಧಿಯ ಕೈಯಲ್ಲಿ ಮೂರು ಅಂತಸ್ತಿನ ಸ್ಟೀಲು ಕ್ಯಾರಿಯರ್. ಎಲ್ಲರೂ ನೋಂಬು, ಉಪವಾಸ ಇರುವ ಹೊತ್ತಲ್ಲಿ ಬೀದಿಯಲ್ಲಿ ಊಟದ ವಾಸನೆ ಹಬ್ಬಿಸಿಕೊಂಡು ನಡೆಯಬಾರದೆಂದು ಅದಕ್ಕೆ ಎರಡು ಟವೆಲ್ ಸುತ್ತಿ, ಮೇಲೆ ತನ್ನ ಶಾಲನ್ನೂ ಹೊದಿಸಿದ್ದಳು. ಲಿಫ್ಟ್ ಕೆಟ್ಟಿತ್ತು. ಮೂರು ಮಹಡಿ ಹತ್ತಿ ಬಂದ ಮುಖ ಬೆವೆತು ಕೆಂಪಗಾಗಿತ್ತು.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಅಡಿಗೆಕೋಣೆಗೆ ಕಾಲಿಡ್ಬೇಡಿ ಇವತ್ತು."

ನಾನು ಊಟದ ಮೇಜಿನ ಮುಂದೆ ಕೂತೆ. ನನ್ನದೇ ಮನೆಯಲ್ಲಿ ಪರಕೀಯಳಂತೆ ಅನ್ನಿಸಿತು. ಅವಳು ತಟ್ಟೆ ಹುಡುಕುವ ಸದ್ದು, ತಪ್ಪು ಕಪಾಟು ತೆಗೆದ ಸದ್ದು ಕೇಳುತ್ತಿದ್ದರೆ ಎದ್ದು ಹೋಗಿ ತೋರಿಸಬೇಕೆಂದು ಕಾಲು ತುಡಿಯುತ್ತಿತ್ತು. ಅವಳು ಒಳಗಿನಿಂದಲೇ ಕತೆ ಹೇಳುತ್ತಿದ್ದಳು.

"ಗೊತ್ತುಂಟಾ ಬಾಯಮ್ಮ, ಅವರ ಮನೆಯಲ್ಲಿ ಬೆಳಗಿನ ಜಾವ ಉಂಡು ಎಲ್ಲರೂ ಮಲಗಿದ್ರಲ್ಲ, ಆಗ ಶುರು ಮಾಡಿದ್ದು. ಮಸಾಲೆ ಹುರಿಯುವಾಗ ಘಮಘಮ ಅಂತ ಮೇಲಿನವರೆಗೆ ಹೋಯ್ತು. ಮೇಡಮ್ ಎದ್ದು ಬಂದ್ರು. ನಾನು ಸತ್ತೆ ಅಂತ ಗ್ರಹಿಸಿದೆ. ನೋಂಬಿನಲ್ಲಿ ಇರುವವರಿಗೆ ಮೂಗಿಗೆ ಹಿಂಸೆ ಅಲ್ವಾ? ಅವರು ಬಾಗಿಲಲ್ಲಿ ನಿಂತು, ಯಾರಿಗೆ ಅಂತ ಕೇಳಿದ್ರು. ನನ್ನ ಫ್ರೆಂಡ್‌ಗೆ ಅಂದೆ. ಆಗ ಏನು ಮಾಡಿದ್ರು ಗೊತ್ತುಂಟಾ? ಆಚೆ ಬಾಗಿಲು ಹಾಕಿ, ಫ್ಯಾನು ಹಾಕಿ ಕೊಟ್ಟು ಹೋದ್ರು. ಒಳ್ಳೆದು ಮಾಡು ಅಂದ್ರು."

ಹಸಿವಿನಲ್ಲಿ ಇದ್ದುಕೊಂಡು ಇನ್ನೊಬ್ಬರ ಅಡಿಗೆಗೆ ಫ್ಯಾನು ಹಾಕಿಕೊಟ್ಟ ಆ ಹೆಂಗಸನ್ನು ನಾನು ಮನಸ್ಸಿನಲ್ಲೇ ಮೆಚ್ಚಿದೆ. ಬೇರೆಯವರ ಇಂಥ ಸಣ್ಣ ಒಳ್ಳೆಯತನ ನನ್ನ ಕಣ್ಣಿಗೆ ಬೇಗ ಬೀಳುತ್ತದೆ.

ಸುಗಂಧಿ ಕ್ಯಾರಿಯರ್ ತಂದು ಮೇಜಿನ ಮೇಲಿಟ್ಟು ಒಂದೊಂದೇ ಅಂತಸ್ತು ಬಿಡಿಸಿದಳು. ಮೇಲಿನದರಲ್ಲಿ ಗರಿಗರಿ ಅಕ್ಕಿರೊಟ್ಟಿಯ ಚೂರುಗಳು. ಅದರ ಕೆಳಗಿನ ಎರಡರಲ್ಲಿ ತೆಂಗಿನಹಾಲು ಹಾಕಿದ ಕೆಂಪು ಕೋಳಿ ಗಸಿ.

"ಕೋರಿ ರೊಟ್ಟಿ" ಎಂದಳು. ಅವಳ ಕಣ್ಣು ನನ್ನ ಮುಖದ ಮೇಲೆಯೇ ಇತ್ತು.

ಈ ಸಲ ರಂಜಾನ್ ತಿಂಗಳೂ ನಮ್ಮ ತಪಸ್ಸುಕಾಲವೂ ಒಟ್ಟಿಗೆ ಬಂದಿದ್ದವು. ಈಸ್ಟರಿಗೆ ಮೊದಲಿನ ಆ ದಿನಗಳಲ್ಲಿ ಶುಕ್ರವಾರ ನಾವು ಮಾಂಸ ಮುಟ್ಟುವುದಿಲ್ಲ. ಊರಿನಲ್ಲಾದರೆ ಶುಕ್ರವಾರ ಯಾರೂ ಕೋಳಿ ಊಟಕ್ಕೆ ಕರೆಯುವುದಿಲ್ಲ, ತೊಡಕೇ ಇಲ್ಲ. ಕುವೈತಿನಲ್ಲಿ ಶುಕ್ರವಾರವೇ ರಜೆ, ಶುಕ್ರವಾರವೇ ಪೂಜೆ, ನೆಂಟರು ಬರುವುದೂ ಶುಕ್ರವಾರವೇ. ಮೀನಿಗೆ ಅಡ್ಡಿಯಿಲ್ಲವಾದ್ದರಿಂದ ಹನ್ನೊಂದು ವರ್ಷವೂ ಈ ಕಾಲದಲ್ಲಿ ನಾನು ಸುಗಂಧಿಗೆ ಬಂಗುಡೆಯನ್ನೋ ಅಂಜಲನ್ನೋ ಮಾಡಿ ಬಡಿಸಿದ್ದೆ. ಯಾಕೆ ಕೋಳಿಯಿಲ್ಲ ಎಂದು ಅವಳು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ವ್ರತವನ್ನು ಸಾರಿಕೊಂಡು ತಿರುಗಬಾರದು ಎಂದು ಕಲಿತವಳು ನಾನು.

"ಅಯ್ಯೋ ಸುಗಂಧಿ" ಎಂದೆ. "ಇವತ್ತು ನಮಗೆ ಮಾಂಸ ಇಲ್ಲವಲ್ಲ."

"ಯಾಕೆ? ಮೈ ಸರಿ ಇಲ್ವಾ?"

ಹೇಳಿದೆ. ಅವಳು ಸೌಟು ಹಿಡಿದುಕೊಂಡೇ ಕೇಳಿದಳು. ಅರ್ಧ ನಗುತ್ತ, "ನಾನು ಮಾಡಿದ್ದಕ್ಕೂ ಬೈತಾನಾ ನಿಮ್ಮ ದೇವ್ರು?" ಎಂದಳು.

"ಬೈಯುವುದಲ್ಲ ಮಾರಾಯ್ತಿ, ನಿಯಮ. ಹೀಗೆ ಮಾಡುವ. ಇದನ್ನು ಜೋಪಾನವಾಗಿ ಫ್ರಿಜ್ಜಲ್ಲಿ ಇಡ್ತೇನೆ, ಭಾನುವಾರ ಎಲ್ಲರೂ ಒಟ್ಟಿಗೆ ತಿನ್ತೇವೆ. ನೀನು ಈಗ ತಿನ್ನು. ನಾನು ಪಕ್ಕದಲ್ಲಿ ಕೂತ್ಕೊಳ್ತೇನೆ."

"ನಾನೊಬ್ಬಳೇ ತಿನ್ನುದಾ?" ಸುಗಂಧಿ ಸೌಟು ಕೆಳಗಿಟ್ಟಳು. "ಅಲ್ಲಿ ದಿನಾ ಒಬ್ಬಳೇ ತಿನ್ನುದು ಅಲ್ವಾ ಬಾಯಮ್ಮ."

ಅವಳು ಜೋರು ಮಾಡಿ ಹೇಳಲಿಲ್ಲ. ಆಗಲಾದರೂ ನಾನು ತಟ್ಟೆ ಮುಂದಕ್ಕೆ ತಳ್ಳಬಹುದಿತ್ತು. ತಳ್ಳಲಿಲ್ಲ. ಬದಲಿಗೆ ಎದ್ದು ಅಡಿಗೆಕೋಣೆಗೆ ಹೋದೆ. ನಿನ್ನೆಯ ತೊವ್ವೆ ಇತ್ತು. ಅನ್ನಕ್ಕಿಟ್ಟೆ, ಹಪ್ಪಳ ಕಾಯಿಸಿದೆ, ಎರಡು ತಟ್ಟೆ ಹಾಕಿದೆ. ಒಲೆಯ ಮುಂದೆ ನಿಂತ ಕೂಡಲೇ ನನ್ನ ಜೀವಕ್ಕೆ ಸಮಾಧಾನವಾಯಿತು. ಅದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಸುಗಂಧಿ ತೊವ್ವೆ ಅನ್ನ ಉಂಡಳು. ಕೋಳಿಯನ್ನು ಮುಟ್ಟಲಿಲ್ಲ. ನಾನು ಮಾತಾಡಿದೆ. ನವ್ಯಶ್ರೀಗೆ ಏನೇನು ತಿನ್ನಿಸಬೇಕು, ಮಗುವಿಗೆ ಯಾವ ಎಣ್ಣೆ ಒಳ್ಳೆಯದು ಎಂದೆಲ್ಲ. ಅವಳು "ಹೌದು", "ಸರಿ" ಅಂದಳು. ಉಂಡಾದ ಮೇಲೆ ಕ್ಯಾರಿಯರ್ ಮೇಡಮ್ಮನದು, ಇವತ್ತೇ ಬೇಕು ಎಂದು ಗಸಿಯನ್ನು ನನ್ನ ಪಾತ್ರೆಗೆ ಸುರಿದಳು. ತೊಳೆಯಲು ಬಿಡಲಿಲ್ಲ ನಾನು. ನಾನೇ ತೊಳೆದು ಒರೆಸಿ ಕೊಟ್ಟೆ.

ಹೊರಡುವಾಗ ನಾನು ಕಟ್ಟಿಟ್ಟಿದ್ದ ದೊಡ್ಡ ಚೀಲ ತಂದೆ. ಹೊಸ ಸೀರೆ, ಮಗುವಿಗೆ ನಾನೇ ಹೆಣೆದ ಟೊಪ್ಪಿ, ಖರ್ಜೂರ, ಬಾದಾಮಿ. ಅವಳು ತೆಗೆದುಕೊಂಡಳು. "ಬರ್ತೇನೆ ಬಾಯಮ್ಮ" ಎಂದು ನನ್ನ ಕೈ ಹಿಡಿದು ಬಿಟ್ಟಳು. ಬಾಗಿಲು ಹಾಕಿಕೊಂಡು ಒಂದು ಗಳಿಗೆ ಕಣ್ಣೊರೆಸಿಕೊಂಡೆ. ಒಳ್ಳೆಯ ರೀತಿಯಲ್ಲಿ ಕಳಿಸಿಕೊಟ್ಟೆ ಎಂದೇ ಅಂದುಕೊಂಡಿದ್ದೆ.

ಸಂಜೆ ಆಲಿವ್ ಡ್ಯೂಟಿ ಮುಗಿಸಿ ಬಂದವಳು ಹೊರಗಿನಿಂದಲೇ ಕೂಗಿದಳು. "ಮಾಮಿ, ಇದೇನು ಚಪ್ಪಲಿ ಸ್ಟ್ಯಾಂಡಿನ ಮೇಲೆ ಚೀಲ? ಟೊಪ್ಪಿ, ಸೀರೆ ಎಲ್ಲ ಉಂಟು."

ಹನ್ನೊಂದು ವರ್ಷದಲ್ಲಿ ಸುಗಂಧಿ ನಾನು ಕೊಟ್ಟದ್ದೇನನ್ನೂ ಬಿಟ್ಟುಹೋದವಳಲ್ಲ.

ರಾತ್ರಿಯ ಊಟಕ್ಕೆ ಕೂತಾಗ ನಡೆದದ್ದು ಹೇಳಿದೆ. ಆಲಿವ್ ಚಮಚ ಕೆಳಗಿಟ್ಟಳು. "ತಿನ್ನಬಹುದಿತ್ತಲ್ಲ ಮಾಮಿ. ಗೊತ್ತಿಲ್ಲದೆ ಮಾಡಿ ತಂದದ್ದು."

"ಮಾಯ್, ಇದು ನಿಮ್ಮ ಕ್ಲಾಸಲ್ಲೇ ಇತ್ತು" ಎಂದ ರಿಯಾನ್. ಅವನಿಗೆ ಹದಿಮೂರು, ನನ್ನನ್ನು ಮಾಯ್ ಎಂದೇ ಕರೆಯುತ್ತಾನೆ. ಕಳೆದ ವರ್ಷ ನನ್ನ ತರಗತಿಯಲ್ಲಿದ್ದ. ಕೊಂಕಣಿ, ಕನ್ನಡ ಎರಡೂ ಅರ್ಥವಾಗುತ್ತದೆ, ಆದರೆ ಮಾತು ಇಂಗ್ಲಿಷಿಗೇ ಜಾರುತ್ತದೆ. "ಇಫ್ ಸಮ್‌ಬಡಿ ಕುಕ್ಸ್ ಫಾರ್ ಯು ವಿತ್ ಲವ್, ಯು ಈಟ್. ಲವ್ ಕಮ್ಸ್ ಫಸ್ಟ್. ಯು ಸೆಡ್ ಇಟ್ ವಿಲ್ ಕಮ್ ಇನ್ ದಿ ಎಕ್ಸಾಮ್."

"ಬಂದಿತ್ತಾ?" ಎಂದು ರುಡಾಲ್ಫ್ ನಕ್ಕ.

"ಫೈವ್ ಮಾರ್ಕ್ಸ್" ಎಂದ ರಿಯಾನ್.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಪ್ರಶ್ನೆ ಬರೆದದ್ದು ನಾನು. ಉತ್ತರ ತಿದ್ದಿದ್ದೂ ನಾನು.

ಸುಗಂಧಿಗೆ ಫೋನ್ ಮಾಡಿದೆ. ಎರಡನೆಯ ಸಲಕ್ಕೆ ಎತ್ತಿದಳು. ಹಿಂದೆ ಪಾತ್ರೆಗಳ ಸದ್ದು. "ಚೀಲ ಬಿಟ್ಟು ಹೋದೆಯಲ್ಲ" ಎಂದೆ. "ಸಾಮಾನು ಜಾಸ್ತಿ ಆಗ್ತದೆ ಬಾಯಮ್ಮ, ವಿಮಾನದಲ್ಲಿ ಬಿಡುದಿಲ್ಲ" ಎಂದಳು. "ಇನ್ನೊಮ್ಮೆ ಬರ್ತೀಯಾ?" "ಹಬ್ಬದ ಕೆಲಸ ಅಲ್ವಾ, ಬಿಡುದಿಲ್ಲ." ಕೋಪವೇನೂ ಇರಲಿಲ್ಲ ಸ್ವರದಲ್ಲಿ. ಗುರುತಿನವರ ಹತ್ತಿರ ಮಾತಾಡುವ ಹಾಗೆ ಮರ್ಯಾದೆಯಿತ್ತು.

ಶನಿವಾರ ಬೆಳಿಗ್ಗೆ ಮೊಸರಿಗೆ ಕೆಳಗೆ ಹೋದೆ. ಮೊಯ್ದೀನ್ ಕುಂಞಿ ನನಗಾಗಿ ಕರಿಬೇವಿನ ಎಳೆಯ ಕಡ್ಡಿಗಳನ್ನು ಯಾವಾಗಲೂ ಆರಿಸಿ ಬದಿಗಿಡುತ್ತಾನೆ. ಕೊಡುತ್ತ ಕೇಳಿದ: "ಎಂತ ಬಾಯಮ್ಮ, ಕೋರಿ ಗಸಿ ಹೇಗಾಯ್ತು?"

"ನಿನಗೆ ಹೇಗೆ ಗೊತ್ತು?"

"ಗೊತ್ತಿಲ್ಲದೆ! ಗುರುವಾರ ಸುಗಂಧಕ್ಕ ಬಂದು ನನ್ನ ಅಂಗಡಿಯ ತೆಂಗಿನಕಾಯಿ ಒಂದೊಂದೂ ಕಿವಿಗೆ ಹಿಡಿದು ಕುಲುಕಿದ್ರು. ಬಾಯಮ್ಮನಿಗೆ ಹಾಳು ಕಾಯಿ ಕೊಟ್ರೆ ನಿನ್ನ ನೋಂಬು ದೇವರಿಗೆ ಮುಟ್ಲಿಕ್ಕಿಲ್ಲ ಅಂತ ನನಗೇ ಬೆದರಿಕೆ. ನಮ್ಮದು ಹಣೆಬರಹ, ಮಾತು ಕೇಳಿ ಬಾಯಲ್ಲಿ ನೀರು ಬಂದದ್ದೇ ಲಾಭ."

"ಚೆನ್ನಾಗಿತ್ತು" ಎಂದು ಸುಳ್ಳು ಹೇಳಿದೆ. ಆಗಿನ್ನೂ ನಾನು ಅದರ ಮುಚ್ಚಳ ತೆಗೆದಿರಲಿಲ್ಲ.

ಸಂಜೆ ಚರ್ಚಿನಲ್ಲಿ ಪಾಪನಿವೇದನೆ ಇತ್ತು. ಕೊಂಕಣಿ ಬಲ್ಲ ಫಾದರ್ ಒಬ್ಬರು ಇದ್ದಾರೆ, ನನ್ನ ಮಗನಿಗಿಂತ ಚಿಕ್ಕವರು. ಅವರ ಮುಂದೆ ಮೊಣಕಾಲೂರಲು ಆಗದೆ ಕುರ್ಚಿಯಲ್ಲಿ ಕೂತು ಎಲ್ಲ ಹೇಳಿದೆ. ವ್ರತ ಪಾಲಿಸಿದ್ದಕ್ಕೆ ಪಶ್ಚಾತ್ತಾಪ ಪಡಲು ಬಂದವಳು ನಾನೊಬ್ಬಳೇ ಇರಬೇಕು.

ಅವರು "ಊಟ ನೋಡಿ ನಿಮಗೆ ಹಸಿವಾಯಿತಾ?" ಎಂದು ಕೇಳಿದರು.

"ಆಯಿತು ಫಾದರ್."

"ತಿನ್ನಬಹುದು ಎಂದು ನಿಮಗೆ ಗೊತ್ತಿತ್ತು. ನೀವೇ ಕಲಿಸುತ್ತೀರಿ."

"ಗೊತ್ತಿತ್ತು."

"ಹಾಗಾದರೆ ನಿಮ್ಮನ್ನು ತಡೆದದ್ದು ನಿಯಮ ಅಲ್ಲ."

ಆಗ ನಿಜ ಹೇಳಿದೆ. ಅವಳು ಬಡಿಸುವುದು, ನಾನು ಕೂತು ಉಣ್ಣುವುದು, ಆಮೇಲೆ ನನ್ನ ಹತ್ತಿರ ಕೊಡಲು ಅದಕ್ಕೆ ಸಮನಾದದ್ದು ಏನೂ ಇಲ್ಲದಿರುವುದು. ಅದನ್ನು ನನ್ನಿಂದ ತಾಳಲಾಗಲಿಲ್ಲ. ಶುಕ್ರವಾರ ಎಂಬ ಮಾತು ಬಾಯಿಗೆ ಸಿಕ್ಕಿತು, ಹಿಡಿದುಕೊಂಡೆ. ಎಲ್ಲರಿಗೂ ನನ್ನನ್ನು ಕೊಟ್ಟುಕೊಂಡಿದ್ದೇನೆ ಎಂದುಕೊಂಡಿದ್ದೆ. ಕೊಡುವವಳಾಗಿ ಉಳಿಯುವ ಆ ಒಂದು ಜಾಗವನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

"ದೇವರ ಹತ್ತಿರವೂ ಹೀಗೇ ಇದ್ದೀರಾ?" ಎಂದರು ಫಾದರ್, ಮೆಲ್ಲಗೆ. "ಅವನು ಕೊಟ್ಟದ್ದಕ್ಕೆಲ್ಲ ಅದೇ ಸಂಜೆ ಏನಾದರೂ ತಿರುಗಿ ಕಳಿಸಿಬಿಡುವ ಹಾಗೆ?"

ಎಪ್ಪತ್ತೊಂದು ವರ್ಷದ ಪ್ರಾರ್ಥನೆಗಳಲ್ಲಿ ನಾನು ಸುಮ್ಮನೆ ಕೂತು ತೆಗೆದುಕೊಂಡದ್ದು ಯಾವಾಗ ಎಂದು ಹುಡುಕುತ್ತಿದ್ದೆ.

"ಪ್ರಾಯಶ್ಚಿತ್ತಕ್ಕೆ ಜಪಸರ ಹೇಳುವುದಿಲ್ಲ. ಅದು ನಿಮಗೆ ಸುಲಭ. ಅವರು ಹೊರಡುವ ಮೊದಲು ಹೋಗಿ ಅವರ ಹತ್ತಿರ ಏನಾದರೂ ಕೇಳಿ. ಕೊಡಬೇಡಿ. ಕೇಳಿ."

ಭಾನುವಾರ ಈದ್. ಅಂದು ಕೋಳಿ ಬಿಸಿ ಮಾಡಿ ನಾಲ್ವರೂ ತಿಂದೆವು. ಆಲಿವ್ ಕೈ ನೆಕ್ಕುತ್ತ, "ನಮ್ಮಿಂದ ಇಂಥದ್ದು ಸಾಧ್ಯವಿಲ್ಲ ಮಾಮಿ" ಎಂದಳು. ಒಳ್ಳೆಯ ಗಸಿ. ಉಪ್ಪು ಮಾತ್ರ ಒಂದು ಚೂರು ಹೆಚ್ಚು.

ಸೋಮವಾರ ಹನ್ನೊಂದು ಗಂಟೆಗೆ ಹೊರಟೆ. ಬಾಗಿಲವರೆಗೆ ಹೋಗಿ ಅಭ್ಯಾಸದಿಂದ ಫ್ರಿಜ್ಜಿನ ಹತ್ತಿರ ತಿರುಗಿ ಬಂದೆ, ಏನಾದರೂ ಕೈಯಲ್ಲಿರಲಿ ಎಂದು. ಆಮೇಲೆ ಬರಿಗೈಯಲ್ಲೇ ಇಳಿದೆ. ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ಎರಡು ಬೀದಿ ನನ್ನ ಮೊಣಕಾಲಿಗೆ ದೂರವೇ. ಆ ಮನೆಯ ಮುಂದೆ ಹಬ್ಬದ ನೆಂಟರ ಆರೇಳು ಕಾರುಗಳು ನಿಂತಿದ್ದವು. ಹನ್ನೊಂದು ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಪಕ್ಕದ ಸಣ್ಣ ಬಾಗಿಲು ಬಡಿದೆ.

ತೆರೆದದ್ದು ಸುಗಂಧಿಯೇ. ಏಪ್ರನ್ ಮೇಲೆ ಕೇಸರಿಯ ಕಲೆ. "ಅಯ್ಯೋ! ಬಾಯಮ್ಮ! ನಡೆದುಕೊಂಡು ಬಂದ್ರಾ? ಎಂತಾಯ್ತು?"

"ಏನೂ ಆಗಲಿಲ್ಲ. ನಿನ್ನ ಹತ್ತಿರ ಒಂದು ಉಪಕಾರ ಕೇಳಲಿಕ್ಕೆ ಬಂದೆ."

"ಎಂತ? ಹೇಳಿ."

ಅವಳು ಕಾಯುತ್ತ ನಿಂತಳು. ನನಗೆ ಏನು ಕೇಳಬೇಕೆಂದು ಹೊಳೆಯಲಿಲ್ಲ. ದಾರಿಯುದ್ದಕ್ಕೂ ಯೋಚಿಸಿದ್ದು ಕ್ಷಮೆ ಕೇಳುವ ಮಾತುಗಳು ಮಾತ್ರ.

"ಏನಾದರೂ" ಎಂದೆ.

"ಏನಾದ್ರೂ ಅಂದ್ರೆ ನಾನು ಎಂತ ಕೊಡ್ಲಿ?" ಸುಗಂಧಿಗೆ ನಗು ಬಂತು. ಬಹಳ ದಿನದ ಮೇಲೆ ಅವಳ ನಿಜವಾದ ನಗು. ನನಗೆ ಧೈರ್ಯ ಬಂತು.

"ನನಗೆ ಊಟ ಹಾಕು. ಇಲ್ಲೇ, ಮೆಟ್ಟಲ ಮೇಲೆ ಕೂತು ಉಣ್ತೇನೆ. ನೀನು ಬಡಿಸು."

ಅವಳ ನಗು ನಿಂತಿತು. ಒಳಗೆ ತಿರುಗಿ ನೋಡಿದಳು. ದೊಡ್ಡ ದೊಡ್ಡ ಹರಿವಾಣಗಳಲ್ಲಿ ಅನ್ನ, ಕುರಿಮಾಂಸ ಒಳಕ್ಕೆ ಹೋಗುತ್ತಿತ್ತು.

"ಇದು ಅವರ ಊಟ ಬಾಯಮ್ಮ. ಕೇಳಿದ್ರೆ ಮೇಡಮ್ ಇಲ್ಲ ಅನ್ನಿಕ್ಕಿಲ್ಲ. ಆದ್ರೆ ಅವರದ್ದು. ಇಲ್ಲಿ ನನ್ನದು ಅಂತ ಏನಿಲ್ಲ." ಸ್ವಲ್ಪ ತಡೆದು ಹೇಳಿದಳು, "ಆ ಶುಕ್ರವಾರದ್ದು ನನ್ನದಿತ್ತು."

"ತಪ್ಪು ಮಾಡಿದೆ ಸುಗಂಧಿ."

"ಛೆ, ಬಿಡಿ. ನಿಮ್ಮ ದೇವರ ದಿನ."

"ದೇವರ ದಿನ ಅಲ್ಲ. ನನ್ನ ಜಂಭ."

ಅವಳು ಅಲ್ಲ ಎನ್ನಲಿಲ್ಲ. "ತಿಂದ್ರಾ ಮತ್ತೆ?" ಎಂದು ಕೇಳಿದಳು.

"ನಿನ್ನೆ ತಿಂದೆ. ಎಲ್ಲರೂ ತಿಂದೆವು."

"ಹೇಗಿತ್ತು? ಸರಿಯಾಗಿ ಹೇಳಿ."

"ಉಪ್ಪು ಒಂದು ಚೂರು ಜಾಸ್ತಿ."

"ಹೌದಾ?" ಅವಳು ಹಣೆ ಬಡಿದುಕೊಂಡಳು. "ನಾನು ರುಚಿ ನೋಡ್ಲಿಲ್ಲ ಬಾಯಮ್ಮ. ಇಬ್ರೂ ಒಟ್ಟಿಗೇ ಬಾಯಿಗೆ ಇಡುವ ಅಂತ ಇದ್ದೆ."

ಒಳಗಿನಿಂದ ಯಾರೋ ಕರೆದರು, "ಸುಗಂಧೀ, ಯಲ್ಲಾ!" ಅವಳು ಅರಬಿಯಲ್ಲಿ ಏನೋ ಕೂಗಿ ಹೇಳಿ, ಏಪ್ರನ್ನಿಗೆ ಕೈ ಒರೆಸಿ, ನನ್ನ ಮೊಣಕೈ ಹಿಡಿದಳು. "ಬನ್ನಿ, ಮೂಲೆಯವರೆಗೆ ಬಿಡ್ತೇನೆ. ಅಲ್ಲಿ ಕಲ್ಲು ಕಿತ್ತು ಹೋಗಿದೆ."

ನಾನು ನಡೆಯುತ್ತೇನೆ, ನೀನು ಹೋಗು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅವಳ ಕೈಯ ಮೇಲೆ ನನ್ನ ಭಾರವನ್ನು ಬಿಟ್ಟೆ. ಅಷ್ಟು ಭಾರ ನನ್ನದೆಂದು ನನಗೇ ಗೊತ್ತಿರಲಿಲ್ಲ. ಅವಳು ನನ್ನ ಹೆಜ್ಜೆಗೆ ಹೆಜ್ಜೆ ಕೂಡಿಸಿ, ಬಿಸಿಲು ನನಗೆ ತಾಗದಂತೆ ಆಚೆ ಬದಿಗೆ ಬಂದು ನಡೆದಳು. ಹೆಚ್ಚೆಂದರೆ ಅರವತ್ತು ಹೆಜ್ಜೆ. ಹನ್ನೊಂದು ವರ್ಷದಲ್ಲಿ ಅವಳ ಜೊತೆ ನಾನು ಅಷ್ಟು ಹತ್ತಿರ ಇದ್ದದ್ದು ಆ ಅರವತ್ತು ಹೆಜ್ಜೆ ಮಾತ್ರ.

ಮೂಲೆಯಲ್ಲಿ ನಿಂತಳು. "ಇಲ್ಲಿಂದ ಹೋಗ್ತೀರಲ್ಲ?"

ಹೋಗಬಲ್ಲೆ. ಬಂದವಳಿಗೆ ಹೋಗಲು ಏನು ಕಷ್ಟ? ಆದರೂ ಹೇಳಿದೆ: "ಇಲ್ಲ. ಇನ್ನೂ ಸ್ವಲ್ಪ ದೂರ ಬಾ ಸುಗಂಧಿ. ಮನೆಯವರೆಗೆ ಬಾ."

ಅವಳು ನನ್ನನ್ನು ನೋಡಿದಳು. ನಾನು ಕೇಳುತ್ತಿದ್ದೇನೆ ಎಂದು ಅವಳಿಗೆ ಅರ್ಥವಾಯಿತು. ಅವಳ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಹಿಂದಿನಿಂದ ಮತ್ತೆ ಕೂಗು, ಈ ಸಲ ಗಂಡಸಿನ ಸ್ವರ.

"ಇನ್ನು ಆಗುದಿಲ್ಲ ಬಾಯಮ್ಮ" ಎಂದಳು. "ಇನ್ನು ಬಿಡುದಿಲ್ಲ."

ನನ್ನ ಮೊಣಕೈಯಿಂದ ಅವಳ ಕೈ ಬಿಟ್ಟಿತು. ಏಪ್ರನ್ ಎತ್ತಿ ಹಿಡಿದು ಬಿರಬಿರನೆ ಹೋದಳು. ಗೇಟಿನ ಹತ್ತಿರ ಒಮ್ಮೆ ತಿರುಗಿ, ನಾನು ಇನ್ನೂ ನಿಂತೇ ಇರುವುದನ್ನು ಕಂಡು, ನಿಧಾನ ಹೋಗಿ ಎಂಬಂತೆ ಕೈ ಮಾಡಿದಳು. ನಾನು ಗೋಡೆ ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.